ಹಣ ತೆತ್ತು ಹೆದರಿ ಬಂದುದು

ಕಾವ್ಯಮೀಮಾಂಸೆಯ ಪಾಠ ಹೇಳುವ ಅಧ್ಯಾಪಕನಿಗೆ ಪ್ರತಿವರ್ಷವೂ ತಪ್ಪದೆ ಎದುರಾಗುವ ಪ್ರಶ್ನೆಯೊಂದುಂಟು. ಭರತನು ನಾಟ್ಯಶಾಸ್ತ್ರದಲ್ಲಿ ಹೇಳಿದ ಎಂಟು ರಸಗಳನ್ನು ಕರಿಹಲಗೆಯ ಮೇಲೆ ಬರೆದು, ಶಾಂತವನ್ನು ಒಂಬತ್ತನೆಯದಾಗಿ ಸೇರಿಸಿ, ಒಂದೊಂದರ ಸ್ಥಾಯಿಭಾವವನ್ನೂ ವಿವರಿಸುತ್ತ ಭಯಾನಕದ ಬಳಿಗೆ ಬಂದು ನಿಂತಾಗ, ಹಿಂದಿನ ಬೆಂಚಿನಿಂದ ಯಾವನಾದರೂ ಒಬ್ಬ ಹುಡುಗ ಎದ್ದೇಳುತ್ತಾನೆ. “ಸರ್, ಶೃಂಗಾರ ಸರಿ, ಹಾಸ್ಯವೂ ಸರಿ. ಹೆದರಿಕೆಯಲ್ಲಿ ಎಂಥ ಆನಂದ?” ಎಂದು ಕೇಳುತ್ತಾನೆ. ತರಗತಿ ನಗುತ್ತದೆ. ನಾನು ಅಭಿನವಗುಪ್ತನ ಮೊರೆಹೋಗುತ್ತೇನೆ. ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ರಥಕ್ಕೆ ಬೆದರಿ, ಕೊರಳನ್ನು ಹಿಂದಕ್ಕೆ ಹೊರಳಿಸಿ ನೋಡುತ್ತ ಓಡುವ ಜಿಂಕೆಯನ್ನೇ ಆತ ಉದಾಹರಣೆಯಾಗಿ ಎತ್ತಿಕೊಂಡಿದ್ದಾನೆ. ಜಿಂಕೆಯ ಭಯ ಜಿಂಕೆಗೆ ಸಂಕಟ. ಕಾವ್ಯವನ್ನೋದುವ ನಮಗಾದರೋ ಆ ಭಯ ‘ನನ್ನದು’, ‘ಅವನದು’ ಎಂಬ ಕಟ್ಟನ್ನು ಕಳಚಿಕೊಂಡು ಬರುತ್ತದೆ, ಆದಕಾರಣ ಆಸ್ವಾದಕ್ಕೆ ಒದಗುತ್ತದೆ ಎಂದು ವಿವರಿಸುತ್ತೇನೆ. ಹುಡುಗ ಕುಳಿತುಕೊಳ್ಳುತ್ತಾನೆ. ಒಪ್ಪಿ ಕುಳಿತನೋ, ಗಂಟೆಯಾಯಿತೆಂದು ಕುಳಿತನೋ ನನಗೆ ಇದುವರೆಗೂ ತಿಳಿದುಬಂದಿಲ್ಲ.

ಇಪ್ಪತ್ತು ವರ್ಷಗಳಿಂದ ಹೀಗೆ ಒಪ್ಪಿಸಿಕೊಂಡು ಬಂದ ಈ ಉತ್ತರದಲ್ಲಿ ನನಗೇ ಎಷ್ಟು ನಂಬಿಕೆಯಿದೆಯೆಂಬುದನ್ನು ಪರೀಕ್ಷಿಸುವ ಪ್ರಸಂಗ ಕಳೆದ ಕಾರ್ತಿಕ ಮಾಸದ ಒಂದು ಭಾನುವಾರ ಮೈಸೂರಿನಲ್ಲಿ ಒದಗಿತು. ಪರೀಕ್ಷಕರು ನಾಲ್ವರು: ಅರವತ್ತೇಳು ವರ್ಷದ ನನ್ನ ತಾಯಿ, ಪ್ರೌಢಶಾಲೆಯಲ್ಲಿ ಗಣಿತ ಹೇಳುವ ನನ್ನ ಪತ್ನಿ, ಮೊದಲ ಪಿ.ಯು.ಸಿ. ವಿಜ್ಞಾನ ಓದುತ್ತಿರುವ ಮಗಳು ಮತ್ತು ಐದನೆಯ ತರಗತಿಯ ಮಗ. ಪರೀಕ್ಷಾಕೇಂದ್ರ ದೊಡ್ಡಕೆರೆ ಮೈದಾನ.

ನಮ್ಮದು ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣ. ನಮ್ಮ ಕಡೆಯವರಿಗೆ ದಸರಾ ಎಂದರೆ ಜಂಬೂಸವಾರಿಯ ದಿನದ ನೂಕುನುಗ್ಗಲಲ್ಲ. ಅದೆಲ್ಲ ಮುಗಿದು, ಹೊಲದ ಕೆಲಸ ಸ್ವಲ್ಪ ಹಗುರವಾದ ಮೇಲೆ, ಬುತ್ತಿ ಕಟ್ಟಿಕೊಂಡು ಹೋಗಿ ನೋಡಿಬರುವ ವಸ್ತುಪ್ರದರ್ಶನ. ಆ ದಿನ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟೆವು. ಅವ್ವ ಚಿತ್ರಾನ್ನ, ಮೊಸರನ್ನ, ಒಂದು ಡಬ್ಬಿ ನಿಪ್ಪಟ್ಟು ಕಟ್ಟಿದ್ದಳು. ಎರಡು ವರ್ಷದ ಹಿಂದೆ ನನ್ನ ತಂದೆಯವರು ತೀರಿಕೊಂಡ ಮೇಲೆ ಅವಳು ಊರು ಬಿಟ್ಟು ಹೊರಟದ್ದು ಅದೇ ಮೊದಲು.

ಎಲ್ಲರೂ ಸಂತೋಷವಾಗಿದ್ದೆವೆಂದು ಬರೆದರೆ ಸುಳ್ಳಾದೀತು. ಮಗಳು ಬಸ್ಸಿನಲ್ಲಿ ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತವಳು ಶ್ರೀರಂಗಪಟ್ಟಣ ದಾಟುವವರೆಗೂ ನನ್ನೊಡನೆ ಮಾತಾಡಲಿಲ್ಲ. ಅವಳ ಕಾಲೇಜಿನಿಂದ ಕೊಡಗಿನ ಅತ್ಯುನ್ನತ ಶಿಖರವಾದ ತಡಿಯಂಡಮೋಳಿಗೆ ಚಾರಣ ಹೊರಡುವುದಿತ್ತು. ತಂದೆತಾಯಿಗಳ ಒಪ್ಪಿಗೆಯ ಪತ್ರಕ್ಕೆ ಸಹಿ ಬೇಕು. ಸೋಮವಾರ ಕೊನೆಯ ದಿನ. ನಾನು ಸಹಿ ಹಾಕಿರಲಿಲ್ಲ. ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲವೆಂದೆ, ಜಿಗಣೆಗಳಿರುತ್ತವೆಂದೆ, ಘಟ್ಟದ ರಸ್ತೆ ಒಳ್ಳೆಯದಲ್ಲವೆಂದೆ, ಮುಂದಿನ ವರ್ಷ ನೋಡೋಣವೆಂದೆ. ಇವು ಒಂದೊಂದೂ ವಿವೇಕದ ಮಾತೇ. ವಿವೇಕದ ಮಾತುಗಳನ್ನು ಸಾಲಾಗಿ ಜೋಡಿಸಿದರೆ ಅದೊಂದು ಗೋಡೆಯಾಗುವುದುಂಟು ಎಂಬುದು ಆಗ ನನ್ನ ಗಮನಕ್ಕೆ ಬಂದಿರಲಿಲ್ಲ.

ಬೆಳಗಿನ ಹೊತ್ತನ್ನು ಮೃಗಾಲಯದಲ್ಲಿ ಕಳೆದೆವು. 1892ರಲ್ಲಿ ಆರಂಭವಾದ ಈ ಮೃಗಾಲಯವನ್ನು ನೋಡಿದಷ್ಟೂ ನಮ್ಮವರಿಗೆ ಸಾಕೆನ್ನಿಸುವುದಿಲ್ಲ. ಜಿರಾಫೆಯ ಮುಂದೆ ಬಹಳ ಹೊತ್ತು ನಿಂತ ಅವ್ವ, “ಇಷ್ಟೆತ್ತರದಿಂದ ನೋಡಿದ್ರೆ ಪರಪಂಚ ಹೆಂಗ್ ಕಾಣ್ತದೋ” ಎಂದಳು. ಆ ಮಾತನ್ನು ನಾನು ಕೇಳಿಯೂ ಕೇಳದವನಂತೆ ಮುಂದೆ ನಡೆದೆ. ಆಮೇಲೆ ಅದು ನೆನಪಾಯಿತು.

ಮಧ್ಯಾಹ್ನ ಮರದ ನೆರಳಿನಲ್ಲಿ ಉಂಡು, ಬಿಸಿಲಿಳಿದ ಮೇಲೆ ಪ್ರದರ್ಶನದ ಬಾಗಿಲಿಗೆ ಬಂದೆವು. ಹೆಸರೇ ಹೇಳುವಂತೆ ಒಂದು ಕಾಲಕ್ಕೆ ಕೆರೆಯಿದ್ದ ಜಾಗ ಅದು. ಇಂದು ಅಲ್ಲಿ ತುಂಬಿ ತುಳುಕುವುದು ಜನ. ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ಈ ಪ್ರದರ್ಶನ ಆರಂಭವಾದಾಗ ಅದರ ಉದ್ದೇಶ ಪ್ರಜೆಗಳಿಗೆ ಹೊಸ ಕೈಗಾರಿಕೆ, ಹೊಸ ಬೇಸಾಯಗಳ ಪರಿಚಯ ಮಾಡಿಕೊಡುವುದು. ಇಂದಿಗೂ ಸರ್ಕಾರದ ಇಲಾಖೆಗಳು ಮಳಿಗೆ ಹಾಕುತ್ತವೆ. ಆದರೆ ಸತ್ಯವನ್ನು ಹೇಳಬೇಕಾದರೆ, ಜನ ಆ ಮಳಿಗೆಗಳನ್ನು ದೇವಸ್ಥಾನದ ಪ್ರದಕ್ಷಿಣೆಯಂತೆ ಭಕ್ತಿಯಿಂದ, ಬೇಗಬೇಗನೆ ಮುಗಿಸಿ, ಪ್ರಸಾದಕ್ಕೆಂಬಂತೆ ಅಂಗಡಿಗಳ ಕಡೆಗೂ ಆಟಗಳ ಕಡೆಗೂ ಧಾವಿಸುತ್ತಾರೆ. ತಟ್ಟೆಗಿಂತ ಅಗಲವಾದ ಡೆಲ್ಲಿ ಹಪ್ಪಳದ ಮೇಲೆ ಖಾರದ ಪುಡಿ ಉದುರಿಸಿಕೊಂಡು, ಅದನ್ನು ಮುರಿಯದೆ ಜನರ ನಡುವೆ ಹೊತ್ತು ತರುವುದೇ ಒಂದು ಸಾಹಸ. ನನ್ನ ಮಗ ಆ ಸಾಹಸದಲ್ಲಿ ಮೂರನೆಯ ಹೆಜ್ಜೆಗೆ ಸೋತ. ಮೆಣಸಿನಕಾಯಿ ಬಜ್ಜಿ, ಚುರುಮುರಿ, ಬೊಂಬಾಯಿ ಮಿಠಾಯಿಗಳ ಪ್ರಾಂತ್ಯವನ್ನು ದಾಟಿದ ಮೇಲೆ ಗದ್ದಲದ ಸ್ವರೂಪವೇ ಬದಲಾಯಿತು. ಅಲ್ಲಿಯವರೆಗೆ ಕೇಳಿಸುತ್ತಿದ್ದುದು ಕೂಗುವವರ ದನಿ. ಅಲ್ಲಿಂದ ಮುಂದೆ ಕಿರಿಚುವವರ ದನಿ. ಆಟಗಳ ವಿಭಾಗಕ್ಕೆ ಬಂದಿದ್ದೆವು.

ಹಣ ಕೊಟ್ಟು ಕಿರಿಚುವ ಈ ಅಭ್ಯಾಸ ಮನುಷ್ಯನಿಗೆ ಇಂದು ನೆನ್ನೆ ಬಂದುದಲ್ಲ. ನಮ್ಮ ಜಾತ್ರೆಗಳಲ್ಲಿ ಎರಡು ಕಂಬಗಳ ನಡುವೆ ಅಚ್ಚು ತೂರಿಸಿ, ನಾಲ್ಕು ಮರದ ತೊಟ್ಟಿಲುಗಳನ್ನು ಕಟ್ಟಿ, ಇಬ್ಬರು ಆಳುಗಳು ಕೈಯಿಂದ ತಿರುಗಿಸುತ್ತಿದ್ದುದನ್ನು ನನ್ನ ವಯಸ್ಸಿನವರೂ ನೋಡಿದ್ದೇವೆ. ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ ಇಂಥದೇ ತಿರುಗುವ ಚಕ್ರವನ್ನು 1620ರಲ್ಲಿ, ಅಂದು ತುರ್ಕರ ಆಳ್ವಿಕೆಯಲ್ಲಿದ್ದು ಇಂದು ಬಲ್ಗೇರಿಯಕ್ಕೆ ಸೇರಿರುವ ಪ್ಲೊವ್ಡಿವ್ ನಗರದಲ್ಲಿ ಕಂಡು ಬರೆದಿಟ್ಟಿದ್ದಾನೆ. ಮರದ ತೊಟ್ಟಿಲು ಉಕ್ಕಿನದಾದುದು 1893ರಲ್ಲಿ, ಅಮೆರಿಕದ ಷಿಕಾಗೋ ನಗರದ ವಿಶ್ವಪ್ರದರ್ಶನದಲ್ಲಿ. ಅದಕ್ಕೆ ನಾಲ್ಕು ವರ್ಷ ಮುಂಚೆ ಪ್ಯಾರಿಸ್ಸಿನವರು ಐಫೆಲ್ ಗೋಪುರವನ್ನು ನಿಲ್ಲಿಸಿ ಲೋಕವನ್ನು ಬೆರಗುಗೊಳಿಸಿದ್ದರು. ಅದಕ್ಕೆ ಸರಿಸಾಟಿಯಾದುದನ್ನು ಮಾಡಿ ತೋರಿಸಬೇಕೆಂದು ಜಾರ್ಜ್ ಫೆರ್ರಿಸ್ ಎಂಬ ಎಂಜಿನಿಯರು 264 ಅಡಿ ಎತ್ತರದ ಚಕ್ರವನ್ನು ಕಟ್ಟಿದ. ಅದರಲ್ಲಿ 36 ಪೆಟ್ಟಿಗೆಗಳು. ಒಂದೊಂದರಲ್ಲಿ 60 ಜನ. ಅಂದರೆ ನಮ್ಮ ಕಾಲೇಜಿನ ಎಲ್ಲ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಒಮ್ಮೆಗೇ ಕೂರಿಸಿ ತಿರುಗಿಸಿದರೂ ಇನ್ನಷ್ಟು ಜಾಗ ಉಳಿಯುತ್ತಿತ್ತು. ಆ ಮನುಷ್ಯ ಮೂರೇ ವರ್ಷಗಳಲ್ಲಿ, 1896ರಲ್ಲಿ, ತನ್ನ 37ನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನ ಚಕ್ರವನ್ನು 1906ರಲ್ಲಿ ಸಿಡಿಮದ್ದಿಟ್ಟು ಕೆಡವಿದರು. ಆದರೆ ಇಂಗ್ಲಿಷ್ ಭಾಷೆಯಲ್ಲಿ ಇಂದಿಗೂ ಅಂಥ ಚಕ್ರಕ್ಕೆಲ್ಲ ಅವನದೇ ಹೆಸರು. ನಾವು ಮಾತ್ರ ಅದನ್ನು ‘ಜಾಯಿಂಟ್ ವೀಲು’ ಎಂದು ಕರೆದು ನಮ್ಮದಾಗಿ ಮಾಡಿಕೊಂಡಿದ್ದೇವೆ.

ಏರಿಳಿಯುವ ಹಳಿಗಾಡಿಯ ಕಥೆ ಇನ್ನೂ ಸ್ವಾರಸ್ಯವಾದುದು. ಅದರ ಮೂಲ ರಷ್ಯಾದಲ್ಲಿ. ಚಳಿಗಾಲದಲ್ಲಿ ಮರದ ದಿಬ್ಬ ಕಟ್ಟಿ, ಅದರ ಮೇಲೆ ಮಂಜುಗಡ್ಡೆ ಹರಡಿ, ಜನ ಅದರ ಮೇಲಿಂದ ಜಾರುತ್ತಿದ್ದರು. ಫ್ರೆಂಚರು ಅದನ್ನು ಕಂಡು ತಮ್ಮಲ್ಲಿಗೆ ಒಯ್ದು ‘ರಷ್ಯದ ಬೆಟ್ಟಗಳು’ ಎಂದು ಹೆಸರಿಟ್ಟರು. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಥಾಮ್ಸನ್ ಎಂಬುವನು ಐದು ಸೆಂಟುಗಳ ಟಿಕೆಟ್ಟಿಗೆ ಇಂಥ ಗಾಡಿಯನ್ನು ಓಡಿಸಿ ಹೆಸರು ಮಾಡಿದ. ಅದರ ವೇಗ ಗಂಟೆಗೆ ಆರು ಮೈಲಿ, ನಮ್ಮ ಎತ್ತಿನ ಗಾಡಿಯ ಓಟಕ್ಕಿಂತ ತುಸು ಹೆಚ್ಚು. ವಿನೋದವೆಂದರೆ, ರಷ್ಯನ್ನರು ಇಂದು ಅದೇ ಆಟವನ್ನು ‘ಅಮೆರಿಕದ ಬೆಟ್ಟಗಳು’ ಎನ್ನುತ್ತಾರೆ. ಹೆದರಿಕೆಯ ಹುಟ್ಟೂರು ತಮ್ಮದೆಂದು ಒಪ್ಪಿಕೊಳ್ಳಲು ಯಾರಿಗೂ ಇಷ್ಟವಿದ್ದಂತಿಲ್ಲ. ನಮ್ಮ ದೇಶದಲ್ಲಿ ಏಷ್ಯಾ ಕ್ರೀಡಾಕೂಟದ ಆನೆಮರಿ ಅಪ್ಪುವಿನ ಹೆಸರಿನಲ್ಲಿ ದೆಹಲಿಯ ‘ಅಪ್ಪು ಘರ್’ ತೆರೆದುದು 1984ರಲ್ಲಿ. ಅದು 2008ರಲ್ಲಿ ಮುಚ್ಚಿತು. ನಮ್ಮ ಬಿಡದಿಯ ಬಳಿ ‘ವಂಡರ್‌ಲಾ’ ಬಂದುದು 2005ರಲ್ಲಿ. ಇವೆಲ್ಲಕ್ಕೂ ಮುಂಚಿನಿಂದ, ವರ್ಷದಲ್ಲಿ ಮೂರು ತಿಂಗಳ ಮಟ್ಟಿಗೆ ನಮ್ಮ ಸೀಮೆಯ ಜನರ ವಿನೋದೋದ್ಯಾನವಾಗಿ ಬಂದಿರುವುದು ಮೈಸೂರಿನ ಈ ಪ್ರದರ್ಶನವೇ.

ಈ ಪಾಂಡಿತ್ಯವನ್ನೆಲ್ಲ ನಾನು ‘ಕೊಲಂಬಸ್’ ಎಂಬ ತೂಗುಹಡಗಿನ ಮುಂದೆ ನಿಂತು ಮಕ್ಕಳಿಗೆ ಹೇಳುತ್ತಿದ್ದೆ. ಪಾಂಡಿತ್ಯಕ್ಕೆ ಹಲವು ಪ್ರಯೋಜನಗಳಿವೆ. ಟಿಕೆಟ್ಟಿನ ಸಾಲಿನಲ್ಲಿ ನಿಲ್ಲುವುದನ್ನು ತಡಮಾಡುವುದು ಅವುಗಳಲ್ಲೊಂದು. ಮಗಳು ಬೆಳಗಿನಿಂದ ಮೊದಲ ಬಾರಿಗೆ ಬಾಯಿಬಿಟ್ಟು, “ಅಪ್ಪ, ಇದು ಬರೀ ಲೋಲಕ” ಎಂದಳು. ಹಡಗಿನ ಅಡಿಯಲ್ಲಿ ಒಂದು ರಬ್ಬರಿನ ಚಕ್ರವಿರುತ್ತದೆಯಂತೆ. ಹಡಗು ತನ್ನ ಮೇಲೆ ಹಾದುಹೋಗುವಾಗಲೆಲ್ಲ ಅದು ತಿರುಗಿ ಒಂದಿಷ್ಟು ನೂಕುತ್ತದೆಯಂತೆ, ನಾವು ಉಯ್ಯಾಲೆಯನ್ನು ನೂಕಿದ ಹಾಗೆ. ಹತ್ತು ಜನ ಕುಳಿತರೂ ನಲವತ್ತು ಜನ ಕುಳಿತರೂ ಒಂದು ತೂಗಾಟಕ್ಕೆ ಹಿಡಿಯುವ ಕಾಲ ಹೆಚ್ಚುಕಡಿಮೆ ಒಂದೇ. ಮೇಲಿನಿಂದ ಇಳಿಯುವಾಗ ಹೊಟ್ಟೆಯಲ್ಲಿ ಏನೋ ಕದಡಿದಂತಾಗುವುದಕ್ಕೂ ಕಾರಣವಿದೆ: ಕುಳಿತ ಆಸನವೂ ನಮ್ಮೊಡನೆ ಬೀಳುತ್ತಿರುವುದರಿಂದ ಅದು ನಮ್ಮನ್ನು ಎಂದಿನಷ್ಟು ಒತ್ತಿ ಹಿಡಿಯುವುದಿಲ್ಲ. ಅವಳ ವಿವರಣೆ ನನ್ನದಕ್ಕಿಂತ ಚಿಕ್ಕದು, ಸ್ಪಷ್ಟವಾದದ್ದು. ಅದು ಮುಗಿಯುವ ಹೊತ್ತಿಗೆ ಅವಳೂ ತಮ್ಮನೂ ಟಿಕೆಟ್ಟು ಕೊಂಡು ಚಪ್ಪಲಿ ಕಳಚಿಟ್ಟಿದ್ದರು.

“ನೀವೂ ಬನ್ನಿ ಅಪ್ಪ” ಎಂದ ಮಗ.

“ಚೀಲಗಳನ್ನು ನೋಡಿಕೊಳ್ಳಬೇಕಲ್ಲ” ಎಂದೆ.

ನನ್ನ ಪತ್ನಿ ಎರಡು ಚೀಲಗಳನ್ನು ಹೆಗಲಿಗೆ ಹಾಕಿಕೊಂಡು, ಒಂದು ಕೈಯಲ್ಲಿ ಬುತ್ತಿಯ ಡಬ್ಬಿ, ಇನ್ನೊಂದು ಕೈಯಲ್ಲಿ ನೀರಿನ ಸೀಸೆ ಹಿಡಿದು ಅಲ್ಲೇ ನಿಂತಿದ್ದಳು. “ಚೀಲ ನೋಡಿಕೊಳ್ಳೋದಕ್ಕೆ ಇಬ್ಬರು ಯಾಕ್ರೀ?” ಎಂದಳು. ಗಣಿತದವರೊಡನೆ ವಾದಿಸುವುದು ಕಷ್ಟ.

ಮಗ ಮುಚ್ಚುಮರೆಯಿಲ್ಲದೆ, “ಅಪ್ಪನಿಗೆ ಭಯ” ಎಂದು ಸಾರಿ ಓಡಿಹೋದ. ನಿಜ ಹೇಳುತ್ತೇನೆ, ನನಗೆ ಎತ್ತರವೆಂದರೆ ಚಿಕ್ಕಂದಿನಿಂದಲೂ ಭಯ. ಗ್ರಂಥಾಲಯದಲ್ಲಿ ಮೇಲಿನ ಹಲಗೆಯ ಪುಸ್ತಕ ಬೇಕಾದರೆ ಏಣಿ ಹತ್ತಲು ಜವಾನನನ್ನು ಕರೆಯುತ್ತೇನೆ. ಇದು ಕಾಲೇಜಿನಲ್ಲಿ ಬಹುಮಂದಿಗೆ ಗೊತ್ತು. ಅವರು ಅದನ್ನು ಸ್ಥಾನಗೌರವವೆಂದು ತಿಳಿದಿದ್ದಾರೆ.

ಮಕ್ಕಳು ಕೆದರಿದ ಕೂದಲಿನೊಡನೆ, ನಡುಗುವ ಕಾಲುಗಳೊಡನೆ, ಅಪಾರವಾದ ಹೆಮ್ಮೆಯೊಡನೆ ಇಳಿದು ಬಂದಾಗ ಅವ್ವ ನಮ್ಮ ಬಳಿ ಇರಲಿಲ್ಲ. ಹುಡುಕಿದರೆ, ಇಪ್ಪತ್ತು ಮಾರು ಆಚೆ, ದೊಡ್ಡ ಚಕ್ರದ ಮುಂದೆ ಸೆರಗನ್ನು ಹೊದ್ದು ತಲೆಯೆತ್ತಿ ನಿಂತಿದ್ದಾಳೆ. ದೀಪಗಳು ಆಗತಾನೇ ಹೊತ್ತಿಕೊಂಡಿದ್ದುವು. ಕೆಂಪು, ಹಸಿರು ಬೆಳಕು ಅವಳ ಮುಖದ ಮೇಲೆ ಬಂದು ಹೋಗುತ್ತಿತ್ತು.

“ನಾನೂ ಒಂದ್ ಸಲ ಹತ್ತುತೀನಿ ಕಣಪ್ಪ” ಎಂದಳು.

ನಾನು ತಕ್ಷಣ ವಿವೇಕದ ಮಾತುಗಳನ್ನು ಜೋಡಿಸತೊಡಗಿದೆ. “ಈ ವಯಸ್ಸಿನಲ್ಲಿ ಬೇಡ ಅವ್ವ. ಮಂಡಿ ನೋವು ಇದೆ. ತಲೆ ಸುತ್ತಿದರೆ ಏನು ಗತಿ? ಅಲ್ಲಿ ಬೋರ್ಡು ನೋಡು.” ಬೋರ್ಡಿನಲ್ಲಿ ಹೃದ್ರೋಗಿಗಳು, ಗರ್ಭಿಣಿಯರು ಹತ್ತಬಾರದೆಂದು ಬರೆದಿತ್ತು. ನಾಲ್ಕನೆಯ ಇಯತ್ತೆಯವರೆಗೆ ಓದಿದ ಅವ್ವ ಒಂದೊಂದೇ ಅಕ್ಷರವನ್ನು ಕೂಡಿಸಿ ಅದನ್ನು ಓದಿದಳು. ಅನಂತರ ನನ್ನ ಕಡೆ ತಿರುಗಿದಳು.

“ಹೋದ ತಿಂಗಳು ಡಾಕ್ಟ್ರು ನೋಡಿ, ಎದೆ ಗಟ್ಟಿಯಾಗದೆ ಅಂದವ್ರೆ. ಇನ್ನು ಬಸ್ರಿ ಹೆಂಗ್ಸು ಹತ್ಬಾರ್ದು ಅನ್ನೋದು. ಆ ಮಾತ್ ನಂಗೆ ಹೊಸದಲ್ಲ. ನಿಮ್ಮಪ್ಪ 1979ನೇ ಇಸವಿ ದಸರಾಕ್ಕೆ ಕರ್ಕೊಂಡ್ ಬಂದಿದ್ರಲ್ಲ, ಆಗ ನೀನು ಹೊಟ್ಟೇಲಿದ್ದೆ, ಆರು ತಿಂಗಳು. ಎಲ್ಲಾರೂ ತೊಟ್ಲು ಹತ್ತಿದ್ರು. ನಾನು ಎಲ್ಲಾರ ಚಪ್ಲಿ, ಬುತ್ತಿಗಂಟು ಕಾಯ್ಕೊಂಡು ಕೆಳಗೆ ಕುಂತಿದ್ದೆ. ಅವತ್ತು ನಿನ್ ದೆಸೆಯಿಂದ ಹತ್ನಿಲ್ಲ. ಇವತ್ತೂ ನಿನ್ ದೆಸೆಯಿಂದ್ಲೇ ಹತ್ಬಾರ್ದಾ?”

ಮಗಳು ನಕ್ಕುಬಿಟ್ಟಳು. ಪತ್ನಿ ಮುಖ ತಿರುಗಿಸಿಕೊಂಡು ನಕ್ಕಳು. ನನಗೆ ಮಾತು ಹೊರಡಲಿಲ್ಲ. ನಲವತ್ತೈದು ವರ್ಷ ನನ್ನನ್ನು ಹೊತ್ತು ಸಾಕಿದವಳು ಒಂದು ದಿನವೂ ಈ ಸಾಲದ ಲೆಕ್ಕವನ್ನು ತೆಗೆದಿರಲಿಲ್ಲ.

ವಾಚಕರು ನನ್ನನ್ನು ಬರಿಯ ಪುಕ್ಕಲನೆಂದು ತಳ್ಳಿಹಾಕಬಾರದು. 2019ರ ಜುಲೈಯಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿ ಇಂಥದೇ ತೂಗಾಟದ ಯಂತ್ರವೊಂದು ಮುರಿದುಬಿದ್ದು ಇಬ್ಬರು ಸತ್ತರು, ಹಲವರಿಗೆ ಗಾಯವಾಯಿತು. ಅಂದು ಪತ್ರಿಕೆಯಲ್ಲಿ ಓದಿದುದು ನನಗೆ ಆ ಚಕ್ರದ ಕೆಳಗೆ ನಿಂತಾಗ ಮತ್ತೆ ಮತ್ತೆ ನೆನಪಿಗೆ ಬಂದಿತು. ಯಂತ್ರಕ್ಕೆ ಕರುಣೆಯಿಲ್ಲ; ಅದರ ಬೋಲ್ಟುಗಳನ್ನು ಯಾರು ಯಾವಾಗ ಬಿಗಿದರೆಂದು ಕೇಳುವುದು ಹೇಡಿತನವಲ್ಲ, ಕರ್ತವ್ಯ. ಹಾಗೆಂದೇ ಟಿಕೆಟ್ಟು ಕೊಡುವವನನ್ನು ಕೇಳಿದೆ. ಬೆಳಿಗ್ಗೆ ಖಾಲಿ ಚಕ್ರವನ್ನು ಓಡಿಸಿ ನೋಡಿ, ಆಮೇಲೆ ಜನರನ್ನು ಕೂರಿಸುವುದು ಎಂದು ಆತ ಬೇಸರಿಸದೆ ಹೇಳಿದ. ತೊಟ್ಟಿಲಿನ ಬಾಗಿಲಿಗೆ ಎರಡು ಅಗುಳಿಗಳಿರುವುದನ್ನೂ ತೋರಿಸಿದ. ನನ್ನ ಪ್ರಶ್ನೆಗಳೆಲ್ಲಕ್ಕೂ ಉತ್ತರ ಬಂತು. ಆದರೂ ನನ್ನ ಕಾಲು ಮುಂದೆ ಹೋಗಲಿಲ್ಲ. ಆಗ ತಿಳಿಯಿತು: ಹಗ್ಗ ಗಟ್ಟಿಯಿದೆಯೇ ಎಂದು ಕೇಳುವುದು ಒಂದು, ಉಯ್ಯಾಲೆಯನ್ನೇ ಕಟ್ಟಬೇಡಿ ಎನ್ನುವುದು ಇನ್ನೊಂದು. ಅವ್ವನನ್ನು ಒಬ್ಬಳನ್ನೇ ಕಳುಹಿಸುವಂತಿಲ್ಲ. ಅವಳು ಹತ್ತಿದರೆ ಜೊತೆಗೆ ನಾನು ಹತ್ತಬೇಕು. ನಾನು ಅವಳ ಮಂಡಿಯ ಬಗ್ಗೆ ಆಡಿದ ಮಾತೆಲ್ಲ ನನ್ನ ಮಂಡಿಯ ನಡುಕದಿಂದ ಹುಟ್ಟಿದುದು.

ಅಂತು ಹತ್ತಿದೆವು. ಒಂದು ತೊಟ್ಟಿಲಿಗೆ ನಾಲ್ವರು: ಅವ್ವ, ಮಗಳು, ಮಗ, ನಾನು. ಪತ್ನಿ ಚೀಲಗಳೊಡನೆ ಕೆಳಗೆ ಉಳಿದಳು. ಅಗುಳಿ ಬಿದ್ದ ಸದ್ದು ಕೇಳಿದೊಡನೆ ನಾನು ಕಣ್ಣು ಮುಚ್ಚಿಕೊಂಡೆ. ತೊಟ್ಟಿಲು ಒಂದಿಷ್ಟು ಏರುವುದು, ಕೆಳಗೆ ಮತ್ತೊಂದು ತೊಟ್ಟಿಲಿಗೆ ಜನ ಹತ್ತಲೆಂದು ನಿಲ್ಲುವುದು, ತೂಗುವುದು, ಮತ್ತೆ ಏರುವುದು. ಹೀಗೆ ಕಂತುಕಂತಾಗಿ ಎತ್ತರ ಬಂದಿತು. ಜನರ ಗದ್ದಲ ಕೆಳಕ್ಕೆ ಇಳಿಯುತ್ತ ಹೋಗಿ, ಮುಖಕ್ಕೆ ತಣ್ಣನೆಯ ಗಾಳಿ ಬಡಿಯಿತು. ಹಿಡಿದಿದ್ದ ಕಂಬಿ ನನ್ನ ಬೆವರಿನಿಂದ ಒದ್ದೆಯಾಗಿತ್ತು.

“ಕಣ್ ಬಿಡು ಮಗಾ, ದುಡ್ ಕೊಟ್ಟಿದೀಯೆ” ಎಂದಳು ಅವ್ವ.

ಕಣ್ಣು ಬಿಟ್ಟೆ. ಚಕ್ರ ನಿಂತಿತ್ತು, ನಾವು ತುತ್ತತುದಿಯಲ್ಲಿದ್ದೆವು. ಭಾನುವಾರವಾದ್ದರಿಂದ ಏಳು ಗಂಟೆಗೆ ಅರಮನೆಯ ದೀಪಗಳು ಹೊತ್ತಿದ್ದುವು. ಸುಮಾರು ಒಂದು ಲಕ್ಷ ದೀಪಗಳು ಗೋಪುರ, ಕಮಾನು, ಗುಮ್ಮಟಗಳ ಗೆರೆಗಳನ್ನಷ್ಟೇ ಕತ್ತಲೆಯ ಮೇಲೆ ಬರೆದಂತಿದ್ದುವು. ಈಚೆಗೆ ಚಾಮುಂಡಿಬೆಟ್ಟದ ಕಪ್ಪು ಮೈ. ಅದರ ದಾರಿಯುದ್ದಕ್ಕೂ ಬೆಳಕಿನ ಸರ. ಹೆದರಿಕೆ ಹೋಯಿತೆಂದು ಹೇಳಲಾರೆ. ಹೆದರಿಕೆ ಇದ್ದಲ್ಲಿಯೇ ಇತ್ತು. ಅದರ ಪಕ್ಕದಲ್ಲಿ ಇನ್ನೊಂದಕ್ಕೂ ಜಾಗ ದೊರೆಯಿತು, ಅಷ್ಟೆ.

“ನಿನಗೆ ಹೆದರಿಕೆ ಆಗುವುದಿಲ್ಲವೇ ಅವ್ವ?” ಎಂದು ಕೇಳಿದೆ.

“ಆಗ್ದೆ ಏನು? ಆಯ್ತದೆ. ಅದಕ್ಕೇ ಅಲ್ವಾ ಹತ್ತಿದ್ದು?” ಎಂದಳು. ಅಭಿನವಗುಪ್ತನನ್ನು ಓದದೆಯೇ ನನ್ನ ಹಿಂದಿನ ಬೆಂಚಿನ ಹುಡುಗನಿಗೆ ಅವಳು ಉತ್ತರ ಕೊಟ್ಟಿದ್ದಳು.

ಸ್ವಲ್ಪ ಹೊತ್ತು ಕೆಳಗೆ ನೋಡುತ್ತಿದ್ದವಳು ತಾನಾಗಿಯೇ ಹೇಳತೊಡಗಿದಳು. ಆ ವರ್ಷ ಚಕ್ರ ತಿರುಗುವಾಗ ಮೇಲಿನಿಂದ ಎಲ್ಲರೂ ಕೈ ಬೀಸುತ್ತಿದ್ದರಂತೆ. ಕತ್ತಲೆ, ಯಾವ ಕೈ ಯಾರದೆಂದು ಕೆಳಗಿದ್ದವಳಿಗೆ ಗುರುತು ಸಿಗಲಿಲ್ಲ. “ನಿಮ್ಮಪ್ಪಂದು ಯಾವ ಕೈ ಅಂತ ಗೊತ್ತಾಗ್ನಿಲ್ಲ. ನಾನು ಎಲ್ಲಾ ಕೈಗೂ ಬೀಸ್ದೆ” ಎಂದಳು. ಇಳಿದು ಬಂದ ತಂದೆಯವರು, ಮುಂದಿನ ವರ್ಷ ನಿನ್ನನ್ನು ಹತ್ತಿಸುತ್ತೇನೆ ಎಂದಿದ್ದರಂತೆ. ಮುಂದಿನ ವರ್ಷ ಕೈಕೂಸು ನಾನಿದ್ದೆ. ಅದರ ಮುಂದಿನ ವರ್ಷ ಅಜ್ಜಿಗೆ ಕಾಯಿಲೆ. ಆಮೇಲೆ ಬೋರು ಹಾಕಿಸಿದ ಸಾಲ, ತಂಗಿಯ ಮದುವೆ, ನನ್ನ ಎಂ.ಎ. ಹೀಗೆ ಒಂದೊಂದು ವರ್ಷಕ್ಕೂ ಒಂದೊಂದು ವಿವೇಕದ ಕಾರಣವಿತ್ತು.

ನನ್ನ ಎದುರಿಗೆ ಮಗಳು ಕುಳಿತಿದ್ದಳು. ಅವಳು ಅಜ್ಜಿಯ ಮಾತನ್ನು ಕೇಳುತ್ತಿದ್ದಳೇ ಹೊರತು ನನ್ನ ಕಡೆ ನೋಡಲಿಲ್ಲ. ‘ಮುಂದಿನ ವರ್ಷ ನೋಡೋಣ’ ಎಂದು ನಾನು ಹೇಳಿ ಆಗಿನ್ನೂ ಮೂರು ದಿನವಾಗಿತ್ತು. ತರಗತಿಯಲ್ಲಿ ಭಯವು ‘ನನ್ನದು’ ಎಂಬ ಕಟ್ಟನ್ನು ಕಳಚಿಕೊಂಡಾಗ ರಸವಾಗುತ್ತದೆಂದು ಪಾಠ ಹೇಳುವ ನಾನು, ಮನೆಯಲ್ಲಿ ನನ್ನ ಭಯವನ್ನೇ ಬಿಚ್ಚಿ ಇವರ ಕೊರಳಿಗೆ ಕಟ್ಟುತ್ತ ಬಂದಿದ್ದೆ. ಅದಕ್ಕೆ ಅಕ್ಕರೆಯೆಂದು ಹೆಸರಿಟ್ಟಿದ್ದೆ. ಅಕ್ಕರೆಯೂ ಅದರಲ್ಲಿ ಇರಲಿಲ್ಲವೆಂದಲ್ಲ. ಎರಡೂ ಬೆರೆತುಹೋದಾಗ ಬೇರ್ಪಡಿಸುವುದು ಕಷ್ಟ.

ಆಮೇಲೆ ಚಕ್ರ ನಿಲ್ಲದೆ ತಿರುಗಿತು. ಇಳಿಯುವಾಗಲೆಲ್ಲ ನಾನು ಕೂಗಿದೆನಂತೆ. ಮಗ ಇದನ್ನು ಊರಿಗೆಲ್ಲ ಹೇಳಿದ್ದಾನೆ, ಆದ್ದರಿಂದ ಇಲ್ಲಿ ಒಪ್ಪಿಕೊಳ್ಳುವುದರಲ್ಲಿ ನಷ್ಟವಿಲ್ಲ. ಅವ್ವ ಕೂಗಲಿಲ್ಲ. ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಚಿಕ್ಕ ಹುಡುಗಿಯಂತೆ ನಗುತ್ತಿದ್ದಳು.

ಇಳಿದ ಮೇಲೆ ನಾನು ಕಂಬಿಯನ್ನು ಹಿಡಿದು ನಿಂತು ನೆಲ ತಿರುಗುವುದು ನಿಲ್ಲಲಿ ಎಂದು ಕಾಯುತ್ತಿದ್ದೆ. ಅವ್ವ ನೇರವಾಗಿ ಸೊಸೆಯ ಬಳಿಗೆ ಹೋಗಿ, ಅವಳ ಹೆಗಲಿನಿಂದ ಚೀಲಗಳನ್ನು ಇಳಿಸಿದಳು. “ನೀನೂ ನಡಿಯವ್ವ. ಇದೇನ್ ನಮ್ ಮನೆ ಹೆಂಗಸ್ರು ಬರೀ ಗಂಟು ಕಾಯೋಕೇ ಹುಟ್ಟಿರೋದಾ?” ಎಂದಳು. ಪತ್ನಿ ಬೇಡವೆನ್ನಲಿಲ್ಲ. ಹದಿನೆಂಟು ವರ್ಷದ ಸಂಸಾರದಲ್ಲಿ ನಾವು ಹೋದ ಜಾತ್ರೆ, ಪ್ರವಾಸ, ಕಡಲತೀರಗಳಲ್ಲೆಲ್ಲ ಚೀಲಗಳ ಬಳಿ ಉಳಿದವಳು ಅವಳೇ ಎಂಬುದು ನನಗೆ ಆಗ ಮೊದಲ ಬಾರಿಗೆ ಹೊಳೆಯಿತು. ನಾನು ಕೈ ಚಾಚಿದೆ. ಚೀಲಗಳು, ಡಬ್ಬಿ, ಸೀಸೆ, ಮಗನ ಬಲೂನು, ಕೊನೆಗೆ ಅವ್ವ ಕಳಚಿಕೊಟ್ಟ ಚಪ್ಪಲಿ, ಎಲ್ಲವೂ ನನ್ನ ವಶಕ್ಕೆ ಬಂದುವು. ನಾಲ್ವರೂ ಎರಡನೆಯ ಸುತ್ತಿಗೆ ಹತ್ತಿದರು.

ಸಿಮೆಂಟಿನ ಕಟ್ಟೆಯೊಂದರ ಮೇಲೆ ಎಲ್ಲವನ್ನೂ ಇಟ್ಟುಕೊಂಡು ಕುಳಿತೆ. ಮಗಳ ಚೀಲದ ಹೊರಗಿನ ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಕಾಗದವೊಂದು ಇಣುಕುತ್ತಿತ್ತು. ಅದು ಯಾವುದೆಂದು ನನಗೆ ಗೊತ್ತು. ಬಿಚ್ಚಿದೆ. ಬುಧವಾರ ಅವಳು ಕೊಟ್ಟಾಗ ನಾನು ಅದರ ಮೊದಲ ನಾಲ್ಕು ಸಾಲುಗಳನ್ನಷ್ಟೇ ಓದಿದ್ದೆ. ಉಳಿದುದನ್ನು ಈಗ ಓದಿದೆ. ಇಬ್ಬರು ಅಧ್ಯಾಪಕಿಯರು ಜ್ಯೋತೆಗಿರುತ್ತಾರೆ. ಅರಣ್ಯ ಇಲಾಖೆಯ ಅನುಮತಿ ಪಡೆಯಲಾಗಿದೆ. ದಾರಿ ಬಲ್ಲವರೊಬ್ಬರು ಇರುತ್ತಾರೆ. ಕತ್ತಲಾಗುವ ಮೊದಲು ಇಳಿದು ಬರುವುದು. ಮಳೆ ಬಂದರೆ ಚಾರಣ ರದ್ದು. ನಾನು ಕೇಳಬೇಕಾಗಿದ್ದ ಪ್ರಶ್ನೆಗಳಿಗೆಲ್ಲ ಅದರಲ್ಲಿ ಉತ್ತರವಿತ್ತು. ಹಗ್ಗ ಗಟ್ಟಿಯಾಗಿಯೇ ಇತ್ತು. ಬುತ್ತಿಯ ಡಬ್ಬಿಯ ಮೇಲೆ ಕಾಗದವನ್ನಿಟ್ಟು, ಚಕ್ರದ ಕೆಂಪು ಹಸಿರು ಬೆಳಕಿನಲ್ಲಿ ಸಹಿ ಹಾಕಿದೆ. ಕೈ ಇನ್ನೂ ಕೊಂಚ ನಡುಗುತ್ತಿದ್ದುದರಿಂದ ಸಹಿ ಸೊಟ್ಟಗಾಯಿತು. ಕಾಲೇಜಿನವರು ಅದನ್ನು ಒಪ್ಪಿಕೊಂಡರೆಂದು ಆಮೇಲೆ ತಿಳಿಯಿತು. ಮಡಿಸಿ, ಇದ್ದಲ್ಲಿಯೇ ಇಟ್ಟೆ.

ಅಷ್ಟರಲ್ಲಿ ಚಕ್ರ ವೇಗಕ್ಕೆ ಬಂದಿತ್ತು. ತಲೆಯೆತ್ತಿ ನೋಡಿದೆ. ಮೇಲೆ ಹತ್ತಾರು ತೊಟ್ಟಿಲುಗಳು. ಒಂದೊಂದರಿಂದಲೂ ಕೈಗಳು ಹೊರಗೆ ಚಾಚಿ ಬೀಸುತ್ತಿದ್ದುವು. ದೀಪಗಳ ಹಿಂದಿನ ಕತ್ತಲೆಯಲ್ಲಿ ಯಾವುದು ಅವ್ವನ ಕೈ, ಯಾವುದು ಪತ್ನಿಯದು, ಯಾವುದು ಮಕ್ಕಳದು ಎಂದು ಎಷ್ಟು ನೋಡಿದರೂ ಗೊತ್ತಾಗಲಿಲ್ಲ. ಅವ್ವನ ಚಪ್ಪಲಿಗಳನ್ನು ಮಡಿಲಿನಲ್ಲಿಟ್ಟುಕೊಂಡು, ನಾನು ಎಲ್ಲ ಕೈಗಳಿಗೂ ಬೀಸಿದೆ.